ಹತ್ತಿ ಅಂಗಡಿಯ ಮೊದಲ ಸುದ್ದಿ

ನನ್ನ ಮೊಮ್ಮಗಳು ಹತ್ತಿ ಅಂಗಡಿಯಲ್ಲಿ ಕೆಲಸಕ್ಕೆ ಕೂತ ವರ್ಷದ ಸಂಗತಿಯನ್ನು ಹೇಳದೆ ಇರಲು ನನ್ನಿಂದ ಆಗುವುದಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ ಹೇಳಿದ್ದೇನೆ. ದಾಡಿ ಮಾಡುವವನಿಗೆ ಹೇಳಿದ್ದೇನೆ. ಬೀಗರಿಗೆ ಎರಡು ಸಲ ಹೇಳಿ, ಎರಡನೇ ಸಲ ಅವರು ಆಕಳಿಸಿದ್ದನ್ನೂ ನೋಡಿದ್ದೇನೆ. ಕಾಗದ ಆಕಳಿಸುವುದಿಲ್ಲ, ಅದಕ್ಕೆ ಈಗ ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ಮೂರನೇ ಇಯತ್ತೆ, ಅದೂ ನಮ್ಮೂರು ಸುಳ್ಳದ ಸಾಲೆಯಲ್ಲಿ. ಊರಿನ ಹೆಸರು ಹಾಗಿದೆ ಎಂದು ನನ್ನ ಮಾತನ್ನು ಅನುಮಾನಿಸಬೇಡಿ.

ಚಿಕ್ಕವನಿದ್ದಾಗಲೇ ಹುಬ್ಬಳ್ಳಿಗೆ ಬಂದು ಒಂದು ಅಡತಿ ಅಂಗಡಿ ಸೇರಿದೆ. ರೈತರು ಹತ್ತಿ ತಂದು ಇಳಿಸುತ್ತಾರೆ, ಗಿರಣಿಯವರು ಬಂದು ಕೊಳ್ಳುತ್ತಾರೆ, ನಡುವೆ ನಿಂತು ವ್ಯಾಪಾರ ಕುದುರಿಸುವುದು ಅಡತಿ ಅಂಗಡಿಯ ಕೆಲಸ. ಅಂಗಡಿಯ ಕೈ ನಾನಾಗಿದ್ದೆ. ಕೈ ಅಂದರೆ ಖರೇನೇ ಕೈ. ನಮ್ಮ ಕಾಲದಲ್ಲಿ ದರವನ್ನು ಬಾಯಿಂದ ಆಡುತ್ತಿರಲಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಕೈಗಳ ಮೇಲೆ ಹಾಕಿಕೊಂಡು, ಅದರ ಕೆಳಗೆ ಕೊಳ್ಳುವವನ ಬೆರಳು ಹಿಡಿದು ಒತ್ತುವುದು. ಅವನು ತಿರುಗಿ ಒತ್ತುವುದು. ಸುತ್ತ ಜನ ನಿಂತಿರುತ್ತಿದ್ದರು. ನಾವಿಬ್ಬರೂ ಮಳೆಯ ಮಾತು, ಮಕ್ಕಳ ಮದುವೆಯ ಮಾತು ಆಡುತ್ತಿದ್ದೆವು. ಟವೆಲ್ಲಿನ ಕೆಳಗೆ ಏನಾಯಿತೋ ಇಬ್ಬರಿಗೇ ಗೊತ್ತು. ಆಮೇಲೆ ದರವನ್ನು ಚೀಟಿಯಲ್ಲಿ ಬರೆದು ಹಾಕುವ ಪದ್ಧತಿ ಬಂತು, ಕಾಯ್ದೆ ಬಂತು, ಟವೆಲ್ಲಿನ ಕೆಲಸ ಕಡಿಮೆಯಾಯಿತು. ಆದರೆ ಹತ್ತಿಯವರ ಸ್ವಭಾವ ಟವೆಲ್ಲಿನ ಕೆಳಗೇ ಉಳಿಯಿತು. ಪಕ್ಕದವನಿಗೆ ಏನು ಹೇಳಿದರು ಎಂದು ಇವನಿಗೆ ಗೊತ್ತಾಗಬಾರದು, ಇವನಿಗೆ ಹೇಳಿದ್ದು ಪಕ್ಕದವನಿಗೆ ಗೊತ್ತಾಗಬಾರದು.

ನನಗೆ ವಯಸ್ಸಾಗಿ ಕೆಲಸ ಬಿಟ್ಟ ಮೇಲೂ ಬೆಂಗೇರಿಯ ಮನೆಯಿಂದ ದಿನಾ ಅಂಗಡಿಗೆ ಹೋಗಿ ಒಂದು ಕಪ್ ಚಹಾ ಕುಡಿದು ಬರುವ ರೂಢಿ ಬಿಡಲಿಲ್ಲ. ಹಳೆಯ ಸಾಹುಕಾರರು ತೀರಿಕೊಂಡು ಅವರ ಮಗ ಗಾದಿಯ ಮೇಲೆ ಕೂತಿದ್ದರು. ನನಗೆ ಕಾಕಾ ಅನ್ನುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷ ಆಗಿರಬೇಕು, ಅವರು ಒಂದು ಕಂಪ್ಯೂಟರ್ ತಂದರು. ಲೆಕ್ಕ ಬರೆಯುವ ಇಳಿಜಾರು ಡೆಸ್ಕನ್ನು ಸರಿಸಿ, ಗಾದಿಯ ಮೇಲೇ ಒಂದು ಗಿಡ್ಡ ಮಣೆ ಹಾಕಿ, ಅದರ ಮೇಲೆ ಇಟ್ಟು ಹಳದಿ ಬಟ್ಟೆಯ ಮುಸುಕು ಹೊದಿಸಿದರು. ಹೊಸ ಮದುಮಗಳ ಹಾಗೆ ಅದು ಮುಸುಕಿನಲ್ಲೇ ಇತ್ತು.

ಆಗಲೇ ನನ್ನ ಮೊಮ್ಮಗಳು, ನನ್ನ ಮಗನ ಮಗಳು, ಧಾರವಾಡದಲ್ಲಿ ಕಂಪ್ಯೂಟರ್ ಕಲಿತು ಮುಗಿಸಿದ್ದಳು. ಮಗನಿಗೆ ಅವಳನ್ನು ಬ್ಯಾಂಕಿನ ಪರೀಕ್ಷೆಗೆ ಕೂರಿಸಬೇಕೆಂಬ ಹಟ. ಧಾರವಾಡದ ಕೋಚಿಂಗ್ ಸೆಂಟರಿಗೆ ಹೋಗಿ ವಿಚಾರಿಸಿಯೂ ಬಂದಿದ್ದ. ಹುಡುಗಿಗೆ ಅದು ಬೇಡ. ಪ್ರೋಗ್ರಾಂ ಬರೆಯುವ ಕೆಲಸವೇ ಬೇಕು, ಅದೂ ಇಲ್ಲೇ, ಹುಬ್ಬಳ್ಳಿಯಲ್ಲೇ. ನಾನು ಸಾಹುಕಾರರ ಮುಂದೆ ವಿಷಯ ತೆಗೆದೆ.

"ಹತ್ತಿ ಅಂಗಡ್ಯಾಗ ಹುಡುಗಿ ಏನ ಮಾಡ್ತಾಳ್ರಿ ಕಾಕಾ?" ಎಂದರು.

"ಆ ಮುಸುಕಿನಾಗ ಕುಂದ್ರಿಸೀರಲ್ಲ, ಅದನ್ನ ಮಾತಾಡಸ್ತಾಳ್ರಿ."

ಅವರು ನಕ್ಕರು. "ಆತು, ದೀಪಾವಳಿ ತನಕ ನೋಡೂಣು. ಉಪಯೋಗ ಆತಂದ್ರ ಇಟಗೊಳ್ತೇನಿ. ಇಲ್ಲಂದ್ರ ಕಾಕಾನ ಮುಖ ನೋಡಿ ಇಟಗೊಳ್ಳಂಗಿಲ್ಲ ನೋಡ್ರಿ ಮತ್ತ."

"ನನ್ನ ಮುಖ ನೋಡಬ್ಯಾಡ್ರಿ. ಅದರಾಗ ಈಗ ನೋಡೂ ಅಂಥಾದ್ದೂ ಏನಿಲ್ಲ," ಎಂದೆ.

ಮನೆಯಲ್ಲಿ ಮಗ ಒಂದೇ ಮಾತು ಹೇಳಿದ. ದೀಪಾವಳಿಗೆ ಸಾಹುಕಾರರು ಬೇಡ ಅಂದರೆ ಮರುದಿನವೇ ಕೋಚಿಂಗ್ ಸೆಂಟರು. ಹುಡುಗಿ ಒಪ್ಪಿದಳು. ನಾನು ಆಗಲೇ ಗೆದ್ದವನ ಹಾಗೆ ಮೀಸೆ ತಿರುವಿದೆ. ನನ್ನ ಹೆಂಡತಿ, "ಇನ್ನೂ ಹೊಲಕ್ಕ ಹೋಗಿಲ್ಲ, ರಾಶಿ ಮಾಡಾಕ ನಿಂತೀರಿ," ಎಂದಳು.

ಅಂಗಡಿಯಲ್ಲಿ ಹುಡುಗಿ ಮೊದಲು ನೋಡಿದ್ದು ಸಂಜೆಯ ಫೋನು. ವ್ಯಾಪಾರ ಮುಗಿದ ಮೇಲೆ ಸಾಹುಕಾರರು ಒಬ್ಬೊಬ್ಬ ಗಿರಣಿಯವರಿಗೂ ಫೋನು ಹಚ್ಚುತ್ತಿದ್ದರು. ಇವತ್ತು ಎಂಥ ಹತ್ತಿ ಬಂತು, ಎಳೆ ಎಷ್ಟು ಉದ್ದ ಇದೆ, ನಾಳೆ ಎಷ್ಟು ಬರಬಹುದು. ಲೈನು ಸಿಗುತ್ತಿರಲಿಲ್ಲ, ಸಿಕ್ಕರೆ ಕೇಳುತ್ತಿರಲಿಲ್ಲ. ಗಂಟಲು ಹರಿದುಹೋಗುವ ತನಕ ಕೂಗುತ್ತಿದ್ದರು. ಪ್ರತಿಯೊಬ್ಬರಿಗೂ ಮೊದಲ ಮಾತು ಒಂದೇ: "ಮೊದಲ ಸುದ್ದಿ ನಿಮಗ ಹೇಳಾಕತ್ತೇವಿ ನೋಡ್ರಿ." ಹಳೆಯ ಸಾಹುಕಾರರೂ ಹಾಗೇ ಅನ್ನುತ್ತಿದ್ದರು. ಮನೆಗೆ ಬಂದವರಿಗೆ ಊಟ ಮಾಡಿ ಹೋಗಿ ಅನ್ನುತ್ತೇವಲ್ಲ, ಅದೇ ಜಾತಿಯ ಮಾತು ಅದು.

"ಎಲ್ಲಾ ಗಿರಣ್ಯಾಗೂ ಈಗ ಮೇಲ್ ಐತ್ರಿ," ಎಂದಳು ಮೊಮ್ಮಗಳು. "ನಾ ಒಂದು ಪ್ರೋಗ್ರಾಂ ಬರೀತೇನಿ. ಸಂಜಿಮುಂದ ಸುದ್ದಿ ಬರದು ಒಂದು ಗುಂಡಿ ಒತ್ತಿದ್ರ ಎಲ್ಲಾರಿಗೂ ಹೋಗಿ ಮುಟ್ಟತೈತಿ."

ಸಾಹುಕಾರರು ತಮ್ಮ ಗಂಟಲು ಸವರಿಕೊಂಡು ಹೂಂ ಅಂದರು.

ಅವಳು ಬರೆಯುತ್ತಿದ್ದ ಭಾಷೆಯ ಹೆಸರು ಪೈಥಾನ್. ಹಾಗೆಂದರೆ ಹೆಬ್ಬಾವು ಎಂದು ಅವಳೇ ಮನೆಯಲ್ಲಿ ಹೇಳಿದಳು. "ಸಂಜಿಮುಂದ ಅದರ ಹೆಸರ ತಗೀಬಾರ್ದು, ಬಳ್ಳಿ ಅನ್ನು," ಎಂದು ನನ್ನ ಹೆಂಡತಿ ಬೈದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದು ಬಳ್ಳಿ ಭಾಷೆಯೇ ಆಯಿತು.

ಮಧ್ಯಾಹ್ನ ಅಂಗಡಿ ತಣ್ಣಗಿದ್ದಾಗ ನಾನು ಗಾದಿಯ ತುದಿಗೆ ಕೂತು ಅವಳ ಕೆಲಸ ನೋಡುತ್ತಿದ್ದೆ. ಕಾಲು ಮಡಚಿ ಕೂತು, ಬೆನ್ನು ಬಾಗಿಸಿ, ಟಕಟಕ ಒತ್ತುತ್ತಿದ್ದಳು. ಮೇಲ್ ಕಳಿಸುವ ಲೈಬ್ರರಿ ಅಂತ ಒಂದಿದೆ, ಅದನ್ನು ತರುತ್ತೇನೆ ಎಂದಳು.

"ಲೈಬ್ರರಿ ಧಾರವಾಡದಾಗ ಉಳೀತಲ್ಲಬೇ, ಇಲ್ಲೆಲ್ಲಿಂದ ತರತಿ?"

"ಅದು ಪುಸ್ತಕದ್ದು ಅಜ್ಜಾ. ಇದು ಬ್ಯಾರೆ. ಸಣ್ಣಾಂವಿದ್ದಾಗ ಊರಾಗ ಬಿತ್ತೂಮುಂದ ಕೂರಿಗಿ ಹೂಡ್ತಿದ್ದೆಲ್ಲ, ಆ ಕೂರಿಗಿ ನೀ ಮಾಡಿದ್ದೇನು?"

"ಬಡಿಗ್ಯಾ ಮಾಡಿದ್ದ."

"ಬಿತ್ತಿದವರು?"

"ನಾವ."

"ಹಂಗ ಇದು. ಮೇಲ್ ಕಳಸೂ ಕೂರಿಗಿ ಯಾರೋ ಪುಣ್ಯಾತ್ಮರು ಮಾಡಿಟ್ಟಾರ. ನಾ ಮ್ಯಾಲಿನ ಸಾಲಿನಾಗ ಅದರ ಹೆಸರ ಬರದ ಕೂಡಲೆ ಬರತೈತಿ. ಬೀಜ ನಂದು, ಹೊಲ ಸಾವ್ಕಾರ್ರದು."

ಇಷ್ಟು ಚೆಂದ ನನಗೆ ಸಾಲೆಯಲ್ಲಿ ಯಾರಾದರೂ ಹೇಳಿದ್ದರೆ ನಾನು ನಾಲ್ಕನೇ ಇಯತ್ತೆಗೂ ಹೋಗುತ್ತಿದ್ದೆ. ಆ ಕೂರಿಗೆ ಮಾಡುವ ಕೆಲಸವನ್ನೂ ಅವಳು ಬಿಡಿಸಿ ತೋರಿಸಿದಳು. ದೂರದಲ್ಲಿ ಟಪಾಲು ಹಂಚುವ ಒಂದು ದೊಡ್ಡ ಕಂಪ್ಯೂಟರ್ ಇರುತ್ತದೆಯಂತೆ. ಪ್ರೋಗ್ರಾಂ ಅದರ ಬಾಗಿಲಿಗೆ ಹೋಗಿ ಮೊದಲು ನಮಸ್ಕಾರ ಹೇಳುತ್ತದೆ. ಆಮೇಲೆ ಯಾರ ಕಡೆಯಿಂದ ಬಂದೆ, ಯಾರಿಗೆ ಕೊಡಬೇಕು ಎಂದು ಹೇಳುತ್ತದೆ. ಅದು ಹೂಂ ಅಂದ ಮೇಲೇ ಸುದ್ದಿ ಒಪ್ಪಿಸಿ, ಬರುತ್ತೇನೆ ಎಂದು ಹೇಳಿ ಹೊರಡುತ್ತದೆ. ಇಷ್ಟು ಸಂಸ್ಕಾರ ಇರುವ ಯಂತ್ರದ ಮೇಲೆ ನನಗೆ ಆಗಲೇ ಪ್ರೀತಿ ಬಂತು.

ಸುದ್ದಿಯ ಒಕ್ಕಣೆಯನ್ನು ನಾನೇ ಹೇಳಿ ಬರೆಸಿದೆ. ಹತ್ತಿಯ ವಿವರ ಸಾಹುಕಾರರದು, ಮೇಲಿನ ಸಾಲು ನನ್ನದು: ಮೊದಲ ಸುದ್ದಿ ನಿಮಗೇ ತಿಳಿಸುತ್ತಿದ್ದೇವೆ. ಅದಿಲ್ಲದೆ ಹತ್ತಿಯ ಸುದ್ದಿ ಶುರುವಾಗುವುದು ಹೇಗೆ? ಅದನ್ನು ಅವಳು ಇಂಗ್ಲಿಷಿಗೆ ತಿರುಗಿಸಿ ಹಾಕಿದಳು. ಫೋನಿನ ವೈರು ತೆಗೆದು ಕಂಪ್ಯೂಟರಿಗೆ ಚುಚ್ಚಿದಾಗ ಅದು ಗಾಣ ತಿರುಗಿದ ಹಾಗೆ ಕಿರುಗುಟ್ಟಿತು. ಆಮೇಲೆ ಸುಮ್ಮನಾಯಿತು.

"ಅಜ್ಜಾ, ಗುಂಡಿ ನೀ ಒತ್ತು."

ಒತ್ತಿದೆ. ಚಹಾ ತಣ್ಣಗಾಗುವಷ್ಟರಲ್ಲಿ ಎಲ್ಲ ಗಿರಣಿಗೂ ಸುದ್ದಿ ಹೋಗಿತ್ತು. ಸಾಹುಕಾರರು ಮಿರ್ಚಿ ಭಜಿ ತರಿಸಿದರು. ನಾನು ಮನೆಗೆ ಹೋಗುವ ದಾರಿಯಲ್ಲಿ ಗುರುತಿದ್ದವರಿಗೆಲ್ಲ ಹೇಳುತ್ತಾ ಹೋದೆ.

ಮರುದಿನ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗಲೇ ಫೋನು ಹೊಡೆದುಕೊಳ್ಳುತ್ತಿತ್ತು. ದಾವಣಗೆರೆ ಕಡೆಯ ಗಿರಣಿಯವರು. ನಮ್ಮ ಅಂಗಡಿಯ ಹತ್ತಿಯನ್ನು ಎಲ್ಲರಿಗಿಂತ ಹೆಚ್ಚು ಒಯ್ಯುವವರು. ದನಿ ದೊಡ್ಡದು, ಗಾದಿಯ ಈ ತುದಿಗೆ ಕೂತ ನನಗೂ ಕೇಳಿಸಿತು.

"ಸಾವ್ಕಾರ್ರೇ, ಮೊದಲ ಸುದ್ದಿ ನಮಗೇ ಅಂತ ಬರ್ಸಿದೀರಿ. ಬಹಳ ಸಂತೋಷ. ಆದ್ರೆ ಅದರ ಮೇಲೆ ಜಾತ್ರೆಯಂಗೆ ಇಷ್ಟು ಜನದ ಹೆಸರು ಐತಲ್ಲ, ಇವರೆಲ್ಲ ಎಷ್ಟನೆಯವರು?"

ಸಾಹುಕಾರರು ಫೋನನ್ನು ಕಿವಿಯಿಂದ ದೂರ ಹಿಡಿದರು.

"ನಾವೆಲ್ಲಾರೂ ಮೊದಲನೆಯವರಾ? ಹಂಗಿದ್ರೆ ನಾವು ಬೇರೆ ಅಂಗಡಿಗೆ ಹೋಗಿ ಕೊನೆಯವರಾಗಿ ಇರ್ತೀವಿ ಬಿಡ್ರಿ. ಅಲ್ಲಿ ಸುಳ್ಳಾದ್ರೂ ಇರಲ್ಲ."

ಫೋನು ಇಟ್ಟರು. ಆಮೇಲೆ ಒಂದಾದ ಮೇಲೆ ಒಂದು. ಒಬ್ಬರು ನಕ್ಕರು, ಒಬ್ಬರು ಬೈದರು. ಯಾರು ಯಾರು ನಮ್ಮ ಅಂಗಡಿಯಲ್ಲಿ ಕೊಳ್ಳುತ್ತಾರೆ ಎಂಬುದು ಇಡೀ ಅಂಗಡಿ ಸಾಲಿಗೆ ಬೀದಿಯ ಮಾತಾಗಿ ಹೋಯಿತು. ಸಾಹುಕಾರರು ಕೂಗಾಡಲಿಲ್ಲ. ಎದ್ದು ಹೋಗಿ ಹಳದಿ ಮುಸುಕನ್ನು ಕಂಪ್ಯೂಟರಿನ ಮೇಲೆ ಎಳೆದರು.

"ತಂಗಿ, ನಡುಬಜಾರದಾಗ ಟವೆಲ್ ಕಿತ್ತ ಒಗದಿ," ಎಂದರು. "ಮೇಲ್ ಬ್ಯಾಡ, ಇನ್ನ ನಮಗ ಫೋನ ಸಾಕು."

ಹುಡುಗಿಗೆ ತಿಳಿಯಲಿಲ್ಲ. ಹೊರಗೆ ಹತ್ತಿ ತುಂಬಿದ ದೊಡ್ಡ ಅಂಡಿಗೆ ಚೀಲಗಳ ಹತ್ತಿರ ಕರೆದುಕೊಂಡು ಹೋಗಿ, ನನ್ನ ಟವೆಲ್ಲನ್ನು ನಮ್ಮಿಬ್ಬರ ಕೈ ಮೇಲೆ ಹಾಕಿ, ಅವಳ ಬೆರಳು ಹಿಡಿದು ಒತ್ತಿ ತೋರಿಸಿದೆ. ನೂರಾರು ಜನರ ನಡುವೆ ನಿಂತರೂ ಇದು ಇಬ್ಬರದೇ ಮಾತು ಎಂದು ಹೇಳಿದೆ. ಅವಳು ಟವೆಲ್ಲನ್ನು ಎತ್ತಿ ಕೆಳಗೆ ನೋಡಿದಳು.

"ಲಕೋಟಿ ಮ್ಯಾಲಿನ ಹೆಸರ ಬ್ಯಾರೆ ಅಜ್ಜಾ, ಒಳಗಿನ ಕಾಗದದ ಮ್ಯಾಲಿನ ಹೆಸರ ಬ್ಯಾರೆ. ನಾ ಎಲ್ಲಾರ ಹೆಸರ ಒಂದ ಕಾಗದದ ಮ್ಯಾಲೆ ಸಾಲಾಗಿ ಬರದುಬಿಟ್ಟೆ. ಒಬ್ಬೊಬ್ಬರಿಗೆ ಒಂದೊಂದು ಕಾಗದ ಮಾಡಬೇಕಿತ್ತು. ಪ್ರೋಗ್ರಾಮಿಗೆ ಅದೇನ ಭಾರ ಅಲ್ಲ, ಸುತ್ತು ಹಾಕಿ ಒಬ್ಬೊಬ್ಬರನ್ನ ತಗೊಂಡು ಕಳಸ್ತೈತಿ."

"ಹಂಗಾದ್ರ ಮುಗೀತಲ್ಲ. ಸರಿ ಮಾಡು, ನಾ ಸಾವ್ಕಾರ್ರಿಗೆ ಹೇಳ್ತೇನಿ."

"ಮುಗೀಲಿಲ್ಲ. ಎಲ್ಲಾರಿಗೂ ಮೊದಲ ಸುದ್ದಿ ನಿಮಗ ಅಂತ ನಾ ಯಾಕ ಸುಳ್ಳ ಬರೀಬೇಕು?"

"ಅದು ಸುಳ್ಳಲ್ಲಬೇ, ಮರ್ಯಾದಿ."

"ಎಲ್ಲಾರಿಗೂ ಒಂದ ಸುಳ್ಳ ಹೇಳಿದ್ರ ಮರ್ಯಾದಿ ಆಗತೈತೇನು? ಅವರು ಸಿಟ್ಟಾಗಿದ್ದು ಹೆಸರ ಕಂಡದ್ದಕ್ಕ ಅಷ್ಟ ಅಲ್ಲ."

ಮಾತಿನಲ್ಲಿ ನಾನು ಯಾರಿಗೂ ಸೋತವನಲ್ಲ. ಅವತ್ತು ಮೊಮ್ಮಗಳಿಗೆ ಸೋತೆ. ಆ ಸಾಲನ್ನೇ ತೆಗೆದುಬಿಡು ಅನ್ನೋಣವೆಂದರೆ, ಅದಿಲ್ಲದ ಸುದ್ದಿ ಒಣ ರೊಟ್ಟಿ. ಗಿರಣಿಯವರು ಎರಡು ದಿನದಲ್ಲಿ, ಸಾಹುಕಾರರು ನಮ್ಮನ್ನು ಮರೆತರು ಎನ್ನುತ್ತಾರೆ.

ಸಂಜೆ ಮನೆಯಲ್ಲಿ ಹುಡುಗಿ ತಟ್ಟೆಯ ರೊಟ್ಟಿ ಮುಟ್ಟದೆ ಕೂತಿದ್ದಳು. ನನ್ನ ಮಗ ಧಾರವಾಡದ ಬಸ್ಸಿನ ವೇಳೆ ಕೇಳಿದ. ನಾನು ಹೆಂಡತಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು.

"ಮನೀಗೆ ಮಂದಿ ಬಂದಾಗ ಪಂಗ್ತಿ ಹೆಂಗ ಬಡಸ್ತೇವ್ರಿ?" ಎಂದಳು.

"ಹೆಂಗ ಅಂದ್ರ? ಬುಟ್ಟಿ ಹಿಡದು ಬಡಸ್ತೀರಿ."

"ಒಮ್ಮೆ ಈ ತುದೀಂದ ಸುರು ಮಾಡಿದ್ರ, ಮುಂದಿನ ಸಲ ಆ ತುದೀಂದ. ಹೋಳಿಗಿ ಬಂದಾಗ ಒಬ್ಬರಿಗೆ ಮೊದಲು, ತುಪ್ಪ ಬಂದಾಗ ಇನ್ನೊಬ್ಬರಿಗೆ ಮೊದಲು. ದಿನಾ ಒಬ್ಬರ ತಾಟಿಗೇ ಮೊದಲು ಹಾಕಿದ್ರ ಉಳದವರು ಉಣ್ಣತಾರೇನು?"

ಮೊಮ್ಮಗಳು ತಲೆ ಎತ್ತಿದಳು. "ಪಾಳಿ," ಎಂದಳು. ಆಮೇಲೆ ರೊಟ್ಟಿ ಮುರಿದಳು, ಆಮೇಲೆ ಇನ್ನೊಂದು ಕೇಳಿದಳು. ನನಗೆ ಅರ್ಥವಾಗುವ ಮೊದಲೇ ಅವಳಿಗೆ ಹಸಿವೆ ಬಂದಿತ್ತು.

ಅವಳು ಮಾಡಿದ್ದು ಇಷ್ಟು. ಸುದ್ದಿ ಒಬ್ಬೊಬ್ಬರಿಗೆ ಬೇರೆ ಬೇರೆ ಹೋಗುತ್ತದೆ, ಒಬ್ಬರ ಹೆಸರು ಒಬ್ಬರಿಗೆ ಕಾಣುವುದಿಲ್ಲ. ದಿನಾ ಪ್ರೋಗ್ರಾಂ ಬೇರೆಯವರಿಂದ ಶುರುಮಾಡುತ್ತದೆ. ಇವತ್ತು ಯಾರ ಪಾಳಿಯೋ ಅವರಿಗೇ ಮೊದಲು ಕಳಿಸುತ್ತದೆ, ಅವರ ಕಾಗದದಲ್ಲಿ ಮಾತ್ರ ಮೊದಲ ಸುದ್ದಿ ನಿಮಗೇ ಎಂಬ ಸಾಲು ಬರುತ್ತದೆ. ಉಳಿದವರಿಗೆ ಬರೀ ನಮಸ್ಕಾರ ಮತ್ತು ಹತ್ತಿಯ ವಿವರ. ನಾಳೆ ಪಾಳಿ ಮುಂದಕ್ಕೆ ಸರಿಯುತ್ತದೆ. ಸುಳ್ಳೂ ಇಲ್ಲ, ಮರ್ಯಾದೆಗೂ ಕಡಿಮೆಯಿಲ್ಲ. ಅಂಗಡಿಯಲ್ಲಿ ಇಷ್ಟು ವರ್ಷ ಎಲ್ಲರಿಗೂ ಆಡಿದ ಮಾತು ಮೊದಲ ಸಲ ಖರೇ ಆಯಿತು. ಇದನ್ನು ನೆನೆದರೆ ಈಗಲೂ ನನ್ನ ಎದೆ ಅರಳೆಯ ಹಾಗೆ ಉಬ್ಬುತ್ತದೆ.

ಆದರೆ ಸಾಹುಕಾರರು ಮುಸುಕು ತೆಗೆಯಲು ಒಪ್ಪಬೇಕಲ್ಲ. ಇಬ್ಬರೂ ಹೋಗಿ ನಿಂತೆವು.

"ಕಾಕಾ, ದಾವಣಗೆರಿಯವರು ಹೋದ್ರು. ಇನ್ನೊಬ್ಬರು ಹೋಗೂದು ಬ್ಯಾಡ," ಎಂದರು.

"ಗಿರಣಿಯವರಿಗೆ ಕಳಸೂದ ಬ್ಯಾಡ್ರಿ," ಎಂದಳು ಮೊಮ್ಮಗಳು. "ಮೊದಲ ನಿಮಗ, ನಮ್ಮ ಅಜ್ಜಗ, ನಮ್ಮ ಅಜ್ಜಿಗೆ ಕಳಸ್ತೇನಿ. ಮೂರೂ ತಗದು ನೋಡ್ರಿ. ಒಂದರಾಗ ಇನ್ನೊಬ್ಬರ ಹೆಸರ ಕಂಡ್ರ ನಾನ ಮುಸುಕ ಹಾಕಿ ಹೋಗ್ತೇನಿ."

ಮೂವರಿಗೂ ಮೇಲ್ ವಿಳಾಸ ಮಾಡಿದಳು. ನನ್ನ ಹೆಂಡತಿಗೆ ಬೆಂಗೇರಿಯ ಓಣಿಯಲ್ಲೇ ಮೊದಲ ಮೇಲ್ ವಿಳಾಸ ಸಿಕ್ಕದ್ದು ಹೀಗೆ. ಗುಂಡಿ ಒತ್ತಿದ ಮೇಲೆ ಸಾಹುಕಾರರು ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದರು. ಅವರದನ್ನು ತೆಗೆದರು, ಅವರ ಹೆಸರೊಂದೇ ಇತ್ತು. ನನ್ನದನ್ನು ತೆಗೆದರು, ನನ್ನ ಹೆಸರೊಂದೇ. ನನಗೆ ಜೀವಮಾನದಲ್ಲಿ ಬಂದ ಮೊದಲ ಮೇಲ್ ಅದು. ಹತ್ತಿಯ ವಿವರವಿದ್ದರೂ ನನಗೆ ಅದು ಮದುವೆಯ ಕರೆಯೋಲೆಯ ಹಾಗೆ ಕಂಡಿತು. ಮೂರನೆಯದು ನನ್ನ ಹೆಂಡತಿಯದು. ಅದರಲ್ಲಿ ಮೇಲೇ ಬರೆದಿತ್ತು, ಇವತ್ತಿನ ಮೊದಲ ಸುದ್ದಿ ನಿಮಗೇ ಎಂದು.

ಸಾಹುಕಾರರು ಕನ್ನಡಕ ತೆಗೆದರು. "ಅಂಗಡಿ ನಂದು, ಹತ್ತಿ ನಂದು, ಫೋನಿನ ಬಿಲ್ ನಂದು. ಮೊದಲ ಸುದ್ದಿ ಕಾಕೂಗ?"

"ಇವತ್ತ ಅವರ ಪಾಳಿರಿ. ನಿಮ್ಮದು ನಾಳಿಗೆ ಬರತೈತಿ," ಎಂದಳು ಹುಡುಗಿ, ಮುಖದಲ್ಲಿ ಒಂದು ಗೆರೆ ಹಂದಾಡದೆ.

ಆ ಮುಖ ನನ್ನದು. ದರ ಒತ್ತುವಾಗ ನಾನು ಇಟ್ಟುಕೊಳ್ಳುತ್ತಿದ್ದ ಮುಖ. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು, ಮುಸುಕಿನ ಬಟ್ಟೆಯನ್ನು ಮಡಚಿ ಮೂಲೆಗೆ ಇಟ್ಟರು. ಅವತ್ತು ಸಂಜೆಯಿಂದ ಸುದ್ದಿ ಮತ್ತೆ ಹೊರಟಿತು. ದಾವಣಗೆರೆಯವರನ್ನೂ ಅವಳು ಬಿಡಲಿಲ್ಲ. "ಅವರು ಬಿಟ್ಟಾರ, ನಾವು ಬಿಟ್ಟಿಲ್ಲ. ಪಂಗ್ತ್ಯಾಗಿಂದ ನಾವ ಎಬ್ಬಸಬಾರ್ದು," ಎಂದಳು. ಅದು ಅವಳ ಅಜ್ಜಿಯ ಮಾತಿನ ವರಸೆ.

ದಿನಗಳು ಹೋದವು. ಗಿರಣಿಯವರಿಂದ ಬೈಗುಳ ನಿಂತಿತು, ಹೊಗಳಿಕೆ ಬರಲಿಲ್ಲ. ಹತ್ತಿಯವರು ಹೊಗಳುವುದಿಲ್ಲ, ಹೊಗಳಿದರೆ ದರ ಏರುತ್ತದೆ ಎಂಬ ಭಯ. ದೀಪಾವಳಿ ಹತ್ತಿರ ಬಂತು. ಸಾಹುಕಾರರು ಕೆಲಸದ ಮಾತೇ ಎತ್ತಲಿಲ್ಲ. ಮಗ ಬಸ್ಸಿನ ವೇಳೆ ಕೇಳುವುದನ್ನು ಬಿಟ್ಟ, ಅದು ನನಗೆ ಕೇಳಿದ್ದಕ್ಕಿಂತ ಜೋರಾಗಿ ಕೇಳಿಸಿತು. ನಾನು ಮಾತ್ರ ಎಲ್ಲರಿಗೂ, ಹುಡುಗಿಯ ಕೆಲಸ ಕಾಯಂ ಎಂದೇ ಹೇಳುತ್ತಿದ್ದೆ.

ಒಂದು ಮುಂಜಾನೆ ನಾನು ಚಹಾ ಕುಡಿಯುತ್ತಿದ್ದಾಗ ಫೋನು ಬಂತು. ಆ ದೊಡ್ಡ ದನಿ.

"ಸಾವ್ಕಾರ್ರೇ, ನಿನ್ನೆ ಸಂಜೆ ಮೊದಲ ಸುದ್ದಿ ನಮಗೇ ಅಂತ ಬಂದೈತೆ. ಇಷ್ಟು ದಿನ ಆ ಸಾಲು ಇರಲಿಲ್ಲ. ಏನಿದು ಹೊಸ ನಾಟಕ?"

ಸಾಹುಕಾರರು ಫೋನನ್ನು ಹುಡುಗಿಯ ಕೈಗೆ ಕೊಟ್ಟರು. ಅವಳು ಪಾಳಿಯ ಸಂಗತಿಯನ್ನು ನಿಧಾನವಾಗಿ ಹೇಳಿದಳು.

"ಹಂಗಾದ್ರೆ ಮೊನ್ನೆ ಯಾರ ಪಾಳಿ ಇತ್ತಮ್ಮಾ?" ಎಂದು ಆ ಕಡೆಯಿಂದ ಕೇಳಿದರು.

ನಾನು ಚಹಾದ ಬಸಿಯನ್ನು ಕೆಳಗಿಟ್ಟೆ.

"ಮೊನ್ನೆ ಯಾರದಿತ್ತು ಅಂತ ನಿಮಗ ಹೇಳಿದ್ರ," ಎಂದಳು ನನ್ನ ಮೊಮ್ಮಗಳು, "ನಿನ್ನೆ ನಿಮ್ಮದಿತ್ತು ಅಂತ ಅವರಿಗೆ ಹೇಳಬೇಕಾಗತೈತ್ರಿ."

ಆ ಕಡೆಯಿಂದ ದೊಡ್ಡ ನಗು ಬಂತು. ಆಮೇಲೆ, "ನಿಮ್ಮ ಸಾವ್ಕಾರ್ರಿಗೆ ಕೊಡಮ್ಮಾ, ಹತ್ತಿ ಮಾತಾಡ್ಬೇಕು."

ಅವರು ಹತ್ತಿ ಮಾತಾಡಿದರು. ಎಷ್ಟು ಮಾತಾಡಿದರು ಎಂಬುದನ್ನು ನಾನು ಬರೆಯುವುದಿಲ್ಲ. ಫೋನು ಇಟ್ಟ ಮೇಲೆ ಸಾಹುಕಾರರು ನನ್ನ ಕಡೆ ನೋಡಲಿಲ್ಲ, ಅವಳ ಕಡೆಗೇ ತಿರುಗಿದರು.

"ತಂಗಿ, ದೀಪಾವಳಿ ತನಕ ಅಂದಿದ್ನೆಲ್ಲ, ಆ ಮಾತ ಬಿಟ್ಟುಬಿಡು. ಅಂಗಡಿ ಬಿಟ್ಟು ಹೋಗಬ್ಯಾಡ. ನಿನಗೇನಾರ ಬೇಕಿದ್ರ ಈಗ ಹೇಳು."

ಬೇರೆ ಯಾರಾದರೂ ಆಗಿದ್ದರೆ ನಿಮ್ಮ ದಯೆ ಸಾಕು ಅನ್ನುತ್ತಿದ್ದರು. ಅವಳು ಮಡಚಿದ ಕಾಲನ್ನು ಬಿಡಿಸಿ, ಮೊಣಕಾಲು ತಿಕ್ಕಿಕೊಂಡಳು.

"ಒಂದು ಕುರ್ಚಿ ಬೇಕ್ರಿ. ಗಾದಿ ಮ್ಯಾಲೆ ಕುಂತು ಕುಂತು ಕಾಲು ಜುಮುಗುಡ್ತಾವು."

ಆ ಅಂಗಡಿಯಲ್ಲಿ ಅಲ್ಲಿಯ ತನಕ ಕುರ್ಚಿಯೇ ಇರಲಿಲ್ಲ. ದೊಡ್ಡ ದೊಡ್ಡ ಗಿರಣಿಯವರೂ ಚಪ್ಪಲಿ ಬಿಟ್ಟು ಗಾದಿಯ ಮೇಲೇ ಕೂತು ಹೋದವರು. ಸಾಹುಕಾರರು ಗೋಡೆಯ ಕಡೆ ನೋಡಿ, ಕಂಪ್ಯೂಟರಿಗೂ ಅಲ್ಲಿ ಒಂದು ಮೇಜು ಹಾಕಿಸಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಕಾಕಾ, ಛಲೋದು ನೋಡಿ ತರ್ರಿ," ಎಂದರು.

ಗಾಡಿಯವನನ್ನು ಕರೆಯಬಹುದಿತ್ತು, ನಾನು ಕರೆಯಲಿಲ್ಲ. ಕುರ್ಚಿಯನ್ನು ತಿರುವಿ ತಲೆಯ ಮೇಲೆ ಇಟ್ಟುಕೊಂಡು, ನಾಲ್ಕು ಕಾಲು ಆಕಾಶಕ್ಕೆ ಮಾಡಿ, ಹತ್ತಿ ಅಂಗಡಿಗಳ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದೆ. ನಮ್ಮ ಅಂಗಡಿ ನಡುವೆಯೇ ಇತ್ತು. ದಾಟಿ ಹೋಗಿ, ಕೊನೆಯ ಅಂಗಡಿಯ ತನಕ ಹೋಗಿ, ತಿರುಗಿ ಬಂದೆ. ಕುರ್ಚಿ ಯಾರಿಗೆ ಎಂದು ಎಲ್ಲರೂ ಕೇಳಿದರು. ಕೇಳಿದವರಿಗೆಲ್ಲ ನಿಂತು ಹೇಳಿದೆ, ಕೇಳದವರನ್ನೂ ಕರೆದು ಹೇಳಿದೆ.